ಸಂಪಾದಕನ ಕಾಗದಗಳು

ಪರರ ಹೆಸರಿಗೆ ಬಂದ ಕಾಗದವನ್ನು ಓದಬಾರದೆಂದು ನನಗೆ ಬಾಲ್ಯದಲ್ಲಿಯೇ ಕಲಿಸಿದ್ದರು. ಆಗ ಮನೆಗೆ ಬಂದ ಕಾಗದಗಳನ್ನು ಓದಿಯಾದ ಮೇಲೆ ಬಾಗಿದ ತಂತಿಯೊಂದಕ್ಕೆ ಚುಚ್ಚಿ ಪಡಸಾಲೆಯ ಗೋಡೆಗೆ ತೂಗುಹಾಕುವ ವಾಡಿಕೆಯಿತ್ತು. ‘ಉಭಯಕುಶಲೋಪರಿ’ ಎಂದು ಮೊದಲಾಗುವ ಆ ಕಾಗದಗಳ ಕಂತೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಕೈಗೆಟಕುವಂತಿದ್ದರೂ ಮಕ್ಕಳಾದ ನಾವು ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಕುತೂಹಲವನ್ನು ತಡೆಯಲಾರದೆ ಮುಟ್ಟಿ ಸಿಕ್ಕಿಬಿದ್ದಾಗ ತಂದೆಯವರು ಹೊಡೆಯಲಿಲ್ಲ. “ಬರೆದವರು ನಿನಗೆ ಬರೆದದ್ದಲ್ಲ, ನನಗೆ ಬರೆದದ್ದು” ಎಂದಷ್ಟೇ ಹೇಳಿದರು. ಪೆಟ್ಟಿಗಿಂತ ಆ ಮಾತೇ ಹೆಚ್ಚು ನಾಟಿತು.

ದೊಡ್ಡವನಾದ ಮೇಲೆ ನಾನು ಆ ಕಟ್ಟಳೆಯನ್ನು ಮತ್ತೊಮ್ಮೆ ಮುರಿದಿದ್ದೇನೆ. ಈ ಸಲ ನಾನು ಓದಿದ ಕಾಗದಗಳು ಸಾವಿರಾರು ಮೈಲಿ ಆಚೆ, ಒಂದೂವರೆ ಶತಮಾನಕ್ಕೂ ಹಿಂದೆ ತೀರಿಕೊಂಡ ಒಬ್ಬ ಪತ್ರಿಕಾ ಸಂಪಾದಕನವು. ಅವನ ಹೆಸರು ಹೊರೇಸ್ ಗ್ರೀಲಿ. ಅಮೆರಿಕದ ಚರಿತ್ರೆಯನ್ನು ಓದಿದವರಿಗೆ ಅವನು ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯ ಸ್ಥಾಪಕನೆಂದೂ ಗುಲಾಮಗಿರಿಯ ಕಡುವೈರಿಯೆಂದೂ ಗೊತ್ತಿರುತ್ತದೆ. ಪತ್ರಿಕೆಯಲ್ಲಿ ಅವನು ಸಿಂಹದಂತೆ ಗರ್ಜಿಸುವವನು. ಆದರೆ ರಾತ್ರಿಯ ಹೊತ್ತಿನಲ್ಲಿ ಒಬ್ಬನೇ ಕುಳಿತು, ಒಬ್ಬರಿಗಾಗಿ ಮಾತ್ರ ಬರೆದ ಕಾಗದಗಳಲ್ಲಿ ಕಾಣುವ ಗ್ರೀಲಿಯೇ ಬೇರೆ. ಈ ಎರಡನೆಯ ಗ್ರೀಲಿಯನ್ನು ಕಾಣುವ ಆಸೆಗೆ ನಾನು ಸೋತೆನೆಂದು ಒಪ್ಪಿಕೊಳ್ಳುತ್ತೇನೆ.

ಅವನ ಕೈಬರಹದ ವಿಚಾರವನ್ನು ಮೊದಲೇ ಹೇಳಿಬಿಡುವುದು ಮೇಲು. ಅಷ್ಟು ಕೆಟ್ಟ ಅಕ್ಷರ ಬರೆದು ಅಷ್ಟು ದೊಡ್ಡ ಹೆಸರು ಪಡೆದ ಸಂಪಾದಕ ಇನ್ನೊಬ್ಬನಿರಲಾರ. ಟ್ರಿಬ್ಯೂನ್ ಕಚೇರಿಯಲ್ಲಿ ಅಚ್ಚಿನ ಮೊಳೆ ಜೋಡಿಸುವವರಲ್ಲಿ ಕೆಲವರಿಗೆ ಮಾತ್ರ ಅವನ ಬರಹ ಬಗೆಹರಿಯುತ್ತಿತ್ತು. ಒಮ್ಮೆ ಅವನು ಒಬ್ಬ ಕೆಲಸಗಾರನನ್ನು ಗದರಿಸಿ, ಕೆಲಸದಿಂದ ತೆಗೆದುಹಾಕಿರುವುದಾಗಿ ಚೀಟಿ ಬರೆದುಕೊಟ್ಟನಂತೆ. ಆ ಜಾಣ ಅದೇ ಚೀಟಿಯನ್ನು ಇನ್ನೊಂದು ಮುದ್ರಣಾಲಯಕ್ಕೆ ಒಯ್ದು ಶಿಫಾರಸು ಪತ್ರವೆಂದು ತೋರಿಸಿದನಂತೆ. ಅಲ್ಲಿಯವರಿಗೆ ಗ್ರೀಲಿಯ ಸಹಿಯೊಂದನ್ನು ಬಿಟ್ಟರೆ ಬೇರೇನೂ ತಿಳಿಯದಿದ್ದುದರಿಂದ ಕೆಲಸ ಸಿಕ್ಕಿತಂತೆ! ಈ ಕಥೆ ನಡೆದದ್ದೋ ಕಟ್ಟಿದ್ದೋ, ಅವನ ಅಕ್ಷರವನ್ನು ಕಂಡವರು ಮಾತ್ರ ಇದನ್ನು ನಂಬಲು ಹಿಂಜರಿಯುವುದಿಲ್ಲ. ನಿಮ್ಮಲ್ಲಿ ಕೆಟ್ಟ ಅಕ್ಷರದವರು ಇದರಿಂದ ಸಮಾಧಾನ ಪಡೆಯಬೇಕಾಗಿಲ್ಲ. ಗ್ರೀಲಿಗೆ ಮೊಳೆ ಜೋಡಿಸುವವರಿದ್ದರು, ನಿಮಗೆ ಪರೀಕ್ಷಕರಿದ್ದಾರೆ.

ಗ್ರೀಲಿ ಹುಟ್ಟಿದ್ದು 1811ರ ಫೆಬ್ರವರಿ 3ರಂದು, ನ್ಯೂಹ್ಯಾಂಪ್‌ಷೈರ್ ಸಂಸ್ಥಾನದ ಆಮ್‌ಹರ್ಸ್ಟ್ ಎಂಬ ಊರಿನ ಬಡ ರೈತನ ಮನೆಯಲ್ಲಿ. ಹುಡುಗನಿಗೆ ಸುಮಾರು ಹತ್ತು ವರ್ಷವಾಗಿದ್ದಾಗ ಸಾಲಗಾರರು ಬಂದು ಹೊಲಮನೆಗಳನ್ನು ವಶಪಡಿಸಿಕೊಂಡರು. ಸಾಲ ತೀರಿಸಲಾರದವನನ್ನು ಸೆರೆಗೆ ಹಾಕುತ್ತಿದ್ದ ಕಾಲ ಅದು. ತಂದೆ ತಲೆತಪ್ಪಿಸಿಕೊಂಡು ಹೋಗಬೇಕಾಯಿತು. ಸಂಸಾರ ವರ್ಮಾಂಟ್ ಸೀಮೆಗೆ ಗುಳೆ ಹೋಯಿತು. ಹದಿನೈದನೆಯ ವಯಸ್ಸಿನಲ್ಲಿ ಹುಡುಗ ಪೌಲ್ಟ್‌ನಿ ಎಂಬಲ್ಲಿ ಅಚ್ಚುಕೂಟದ ಕೆಲಸ ಕಲಿಯಲು ಸೇರಿದ. 1831ರ ಆಗಸ್ಟ್ ತಿಂಗಳಿನಲ್ಲಿ ಹತ್ತು ಡಾಲರಿನಷ್ಟು ಹಣ ಹಿಡಿದು, ಬಟ್ಟೆಯ ಗಂಟನ್ನು ಹೊತ್ತು ನ್ಯೂಯಾರ್ಕ್ ನಗರವನ್ನು ಹೊಕ್ಕ. ಹತ್ತು ವರ್ಷಗಳ ತರುವಾಯ, 1841ರ ಏಪ್ರಿಲ್ 10ರಂದು, ಒಂದು ಸೆಂಟ್ ಬೆಲೆಯ ಟ್ರಿಬ್ಯೂನ್ ಪತ್ರಿಕೆಯ ಮೊದಲ ಸಂಚಿಕೆ ಹೊರಬಿತ್ತು. ಅದರ ವಾರದ ಆವೃತ್ತಿ 1860ರ ವೇಳೆಗೆ ಎರಡು ಲಕ್ಷದಷ್ಟು ಮನೆಗಳಿಗೆ ಹೋಗುತ್ತಿತ್ತು. 1857ರಲ್ಲಿ ನಮ್ಮ ದೇಶದಲ್ಲಿ ನಡೆದ ದಂಗೆಯನ್ನು ಕುರಿತು ಕಾರ್ಲ್ ಮಾರ್ಕ್ಸ್ ಲಂಡನ್ನಿನಲ್ಲಿ ಕುಳಿತು ಬರೆದ ಲೇಖನಗಳು ಅಚ್ಚಾದದ್ದೂ ಈ ಪತ್ರಿಕೆಯಲ್ಲಿಯೇ.

ಸಾಲದ ಬೇಗೆಯನ್ನು ಬಾಲ್ಯದಲ್ಲಿ ಕಂಡ ಗ್ರೀಲಿ ‘ಸಾಲ ಮಾಡಬೇಡಿ’ ಎಂದು ಜನ್ಮವಿಡೀ ಬೋಧಿಸಿದ. ತಾನು ಮಾತ್ರ ಕೇಳಿದವರಿಗೆಲ್ಲ ಸಾಲ ಕೊಟ್ಟ. ಬರೆಹವನ್ನೇ ನಂಬಿದ ಬಡವರನ್ನು ಕಂಡರಂತೂ ಅವನಿಗೆ ಕನಿಕರ ಹೆಚ್ಚು. ಹೆನ್ರಿ ಡೇವಿಡ್ ಥೋರೋನಿಗೆ ಅವನು ಬರೆದ ಕಾಗದಗಳು ಇದಕ್ಕೆ ಸಾಕ್ಷಿ. ಥೋರೋ ಆಗ ಹೆಸರಿಲ್ಲದ ತರುಣ. ಅವನು ಕಾರ್ಲೈಲನನ್ನು ಕುರಿತು ಬರೆದ ದೀರ್ಘ ಪ್ರಬಂಧವನ್ನು ಗ್ರೀಲಿ ತಾನೇ ಮುಂದೆ ನಿಂತು ಫಿಲಡೆಲ್ಫಿಯದ ಒಂದು ಮಾಸಪತ್ರಿಕೆಗೆ ಒಪ್ಪಿಸಿದ. ಅದು 1847ರಲ್ಲಿ ಅಚ್ಚಾಯಿತು, ಆದರೆ ಹಣ ಬರಲಿಲ್ಲ. ಗ್ರೀಲಿ ಬೆನ್ನುಬಿಡದೆ ಕಾಡಿ, ವರ್ಷ ಕಳೆದ ಮೇಲೆ ಹಣ ಕೀಳಿಸಿ, 1848ರ ಮೇ ತಿಂಗಳಿನಲ್ಲಿ ಐವತ್ತು ಡಾಲರುಗಳನ್ನು ಥೋರೋನಿಗೆ ಕಳುಹಿಸಿಕೊಟ್ಟ. ದಿನಕ್ಕೊಂದು ಪತ್ರಿಕೆಯನ್ನು ಹೊರತರುವ ಗಡಿಬಿಡಿಯಲ್ಲಿ, ತನಗೆ ಒಂದು ಕಾಸಿನ ಲಾಭವೂ ಇಲ್ಲದ ಕೆಲಸಕ್ಕಾಗಿ ಎಷ್ಟು ಕಾಗದಗಳು! ಥೋರೋ ಕೃತಜ್ಞತೆಯಿಂದ ಮಾರೋಲೆ ಬರೆದು, ತಾನು ಐದು ವರ್ಷಗಳಿಂದ ಕೈದುಡಿಮೆಯಿಂದಲೇ ಹೇಗೆ ಹೊಟ್ಟೆ ಹೊರೆದುಕೊಂಡೆನೆಂಬುದನ್ನು ವಿವರಿಸಿದ. ಗ್ರೀಲಿಗೆ ಅದು ಎಷ್ಟು ಹಿಡಿಸಿತೆಂದರೆ, ಖಾಸಗಿ ಕಾಗದವೆಂಬುದನ್ನೂ ಎಣಿಸದೆ ಅದರ ಭಾಗವನ್ನು ಪತ್ರಿಕೆಯಲ್ಲಿ ಹಾಕಿಬಿಟ್ಟ. ನನ್ನ ತಂದೆಯವರು ಇದನ್ನು ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ. ಅದೇ ಥೋರೋ 1849ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಬಂಧ ಮುಂದೆ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರ ಕೈಸೇರಿತು. ಅದರ ಭಾಗಗಳನ್ನು ಅವರು 1907ರಲ್ಲಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು.

ಗ್ರೀಲಿಯ ಕಾಗದಗಳೆಲ್ಲ ಹೀಗೆ ಉದಾರವಾದವುಗಳೆಂದು ತಿಳಿಯಬಾರದು. 1854ರ ನವೆಂಬರ್ 11ರಂದು ಅವನು ಸೆನೆಟ್ ಸದಸ್ಯನಾಗಿದ್ದ ವಿಲಿಯಂ ಸೀವರ್ಡನಿಗೆ ಬರೆದ ಕಾಗದವನ್ನು ಓದುವಾಗ ನನಗೆ ನಾಚಿಕೆಯೂ ಮರುಕವೂ ಒಟ್ಟಿಗೆ ಆಗುತ್ತವೆ. ಸೀವರ್ಡ್, ಥರ್ಲೋ ವೀಡ್, ಗ್ರೀಲಿ – ಈ ಮೂವರು ನ್ಯೂಯಾರ್ಕ್ ಸಂಸ್ಥಾನದ ರಾಜಕೀಯದಲ್ಲಿ ಹದಿನಾರು ವರ್ಷಗಳಷ್ಟು ಕಾಲ ಜೊತೆಯಾಗಿದ್ದವರು. ಉಳಿದಿಬ್ಬರಿಗೆ ಅಧಿಕಾರವೂ ಪ್ರಭಾವವೂ ದೊರೆತವು. ಗ್ರೀಲಿಗೆ ದೊರೆತದ್ದು ದುಡಿಮೆ. ಆ ವರ್ಷ ಗವರ್ನರ್ ಪದವಿ ತನಗೆ ಬಂದೀತೆಂದು ಅವನು ಆಸೆಪಟ್ಟ. ಅದು ಬರಲಿಲ್ಲ. ಅದಕ್ಕಿಂತ ಕೆಳಗಿನ ಪದವಿಯಾದರೂ ಬರುವುದೆಂದುಕೊಂಡರೆ, ಅದನ್ನು ಹಿಂದೆ ತನ್ನ ಕೈಕೆಳಗೆ ದುಡಿದು ಈಗ ಎದುರು ಪತ್ರಿಕೆ ನಡೆಸುತ್ತಿದ್ದ ಹೆನ್ರಿ ರೇಮಂಡನಿಗೆ ಕೊಟ್ಟುಬಿಟ್ಟರು. ಆಗ ಗ್ರೀಲಿ ಲೇಖನಿ ಹಿಡಿದ. ಹಳೆಯ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತವನಂತೆ, ಬಡತನದಲ್ಲಿ ತಾನು ಪಕ್ಷಕ್ಕೆ ಮಾಡಿದ ಸೇವೆಗಳನ್ನೂ, ತನ್ನ ಕಷ್ಟವನ್ನು ಯಾರೂ ವಿಚಾರಿಸದಿದ್ದುದನ್ನೂ ಒಂದೊಂದಾಗಿ ಬರೆದು, ಮೂವರ ಪಾಲುಗಾರಿಕೆಯಿಂದ ಕಿರಿಯ ಪಾಲುಗಾರನಾದ ತಾನು ಹೊರಬಿದ್ದಿರುವುದಾಗಿ ತಿಳಿಸಿದ.

ಈ ಕಾಗದ ಸುಮಾರು ಆರು ವರ್ಷಗಳ ಕಾಲ ಗುಟ್ಟಾಗಿಯೇ ಇತ್ತು. 1860ರ ಮೇ ತಿಂಗಳಿನಲ್ಲಿ ಷಿಕಾಗೋ ನಗರದಲ್ಲಿ ಸೇರಿದ ರಿಪಬ್ಲಿಕನ್ ಪಕ್ಷದ ಸಮ್ಮೇಳನದಲ್ಲಿ ಸೀವರ್ಡ್ ರಾಷ್ಟ್ರಾಧ್ಯಕ್ಷ ಪದವಿಯ ಅಭ್ಯರ್ಥಿಯಾಗುವನೆಂದು ಎಲ್ಲರೂ ನಂಬಿದ್ದರು. ಗ್ರೀಲಿ ಅಲ್ಲಿಗೆ ಹೋಗಿ ಅವನಿಗೆ ವಿರೋಧವಾಗಿ ಕೆಲಸ ಮಾಡಿದ. ಆಯ್ಕೆಯಾದವನು ಅಬ್ರಹಾಂ ಲಿಂಕನ್. ಹಳೆಯ ಕಾಗದದ ಸೇಡು ಇದೆಂದು ರೇಮಂಡ್ ತನ್ನ ಪತ್ರಿಕೆಯಲ್ಲಿ ಬಯಲುಮಾಡಿದಾಗ ಗ್ರೀಲಿ ಹೆದರಲಿಲ್ಲ. ಆ ಕಾಗದವನ್ನು ಹಿಂದಕ್ಕೆ ತರಿಸಿಕೊಂಡು ತಾನೇ ಟ್ರಿಬ್ಯೂನಿನಲ್ಲಿ ಅಚ್ಚುಹಾಕಿಸಿದ. ತನ್ನ ಸಣ್ಣತನವನ್ನು ಊರಿಗೆಲ್ಲ ತೋರಿಸಲು ಅಷ್ಟು ಧೈರ್ಯ ಬೇಕು. ಅದನ್ನು ಅವನು ಸಣ್ಣತನವೆಂದು ಬಗೆದಿರಲಿಲ್ಲವೋ ಏನೋ.

ಇನ್ನು ಲಿಂಕನ್ನನಿಗೆ ಬರೆದ ಕಾಗದದ ವಿಷಯ. ಗ್ರೀಲಿಯು ಲಿಂಕನ್ನನಿಗೆ 1862ರ ಆಗಸ್ಟಿನಲ್ಲಿ, ಎರಡು ಕೋಟಿ ಜನರ ಪ್ರಾರ್ಥನೆಯೆಂಬ ಹೆಸರಿನಿಂದ ಪತ್ರಿಕೆಯಲ್ಲೇ ಬರೆದ ಬಹಿರಂಗ ಪತ್ರ ಪ್ರಸಿದ್ಧವಾದದ್ದು. ಗುಲಾಮರ ಬಿಡುಗಡೆಗೆ ಇನ್ನೂ ಏಕೆ ತಡ ಎಂದು ಅದರಲ್ಲಿ ಅವನು ಅಧ್ಯಕ್ಷನನ್ನೇ ಗದರಿಸಿ ಕೇಳಿದ್ದಾನೆ. ವಿಮೋಚನೆಯ ಘೋಷಣೆಯ ಕರಡು ಆ ಹೊತ್ತಿಗೇ ಲಿಂಕನ್ನನ ಬಳಿ ಸಿದ್ಧವಾಗಿದ್ದುದು ಗ್ರೀಲಿಗೆ ತಿಳಿದಿರಲಿಲ್ಲ. ಆ ಪತ್ರವನ್ನು ದೇಶವೆಲ್ಲ ಓದಿತು. ನಾನು ಹೇಳಹೊರಟಿರುವುದು ಅದಕ್ಕಿಂತ ಒಂದು ವರ್ಷ ಹಿಂದಿನ ಇನ್ನೊಂದು ಕಾಗದವನ್ನು.

1861ರ ಏಪ್ರಿಲಿನಲ್ಲಿ ಅಂತರ್ಯುದ್ಧ ಮೊದಲಾಗಿತ್ತು. ಬಂಡೆದ್ದ ದಕ್ಷಿಣದವರ ರಾಜಧಾನಿ ರಿಚ್ಮಂಡ್. ‘ರಿಚ್ಮಂಡಿಗೆ ನುಗ್ಗಿ’ ಎಂಬ ಕೂಗನ್ನು ಟ್ರಿಬ್ಯೂನ್ ದಿನದಿನವೂ ಹಾಕತೊಡಗಿತು. ಆ ಮಾತುಗಳನ್ನು ಬರೆದವನು ಗ್ರೀಲಿಯಲ್ಲ. ಆದರೆ ಪತ್ರಿಕೆ ಅವನದು. ಸರಿಯಾಗಿ ಪಳಗದ ಸೈನ್ಯ ಹೊರಟಿತು. ಜುಲೈ 21ರಂದು, ವಾಷಿಂಗ್ಟನ್ ನಗರದಿಂದ ದೂರವಿಲ್ಲದ ಬುಲ್‌ರನ್ ಎಂಬ ಹೊಳೆಯ ಬಳಿ ಅದು ಸೋತು, ದಿಕ್ಕಾಪಾಲಾಗಿ ರಾಜಧಾನಿಯತ್ತ ಓಡಿಬಂದಿತು. ಸತ್ತವರು ಹಲವು ನೂರು ಮಂದಿ. ಎಲ್ಲರ ಬೆರಳೂ ಗ್ರೀಲಿಯತ್ತ ತಿರುಗಿತು. ಪತ್ರಿಕೆಯಲ್ಲಿ ಅವನು ತನ್ನ ಸಮರ್ಥನೆಯನ್ನು ಬರೆದ. ಆದರೆ ಜುಲೈ 29ರ ನಡುರಾತ್ರಿಯಲ್ಲಿ ಲಿಂಕನ್ನನಿಗೆ ಒಂದು ಕಾಗದ ಬರೆದ, ಅದರಲ್ಲಿ ಸಮರ್ಥನೆಯಿಲ್ಲ. ಇದು ತಾನು ನಿದ್ದೆಯಿಲ್ಲದೆ ಕಳೆಯುತ್ತಿರುವ ಏಳನೆಯ ರಾತ್ರಿಯೆಂದು ಅವನು ಮೊದಲಾಗಿ ಹೇಳುತ್ತಾನೆ. ಬಂಡಾಯಗಾರರನ್ನು ಸೋಲಿಸುವುದು ಇನ್ನು ಸಾಧ್ಯವೆ ಎಂದು ಕೇಳುತ್ತಾನೆ. ಸಾಧ್ಯವಿಲ್ಲವೆಂದಾದರೆ ಇನ್ನೊಂದು ತೊಟ್ಟು ರಕ್ತ ಚೆಲ್ಲದಂತೆ ಸಂಧಿ ಮಾಡಿಕೊಳ್ಳಲು ಹಿಂಜರಿಯಬೇಡವೆಂದು ಬೇಡುತ್ತಾನೆ. ನಿನ್ನನ್ನು ಜನ ಮಹಾಪುರುಷನೆಂದು ಎಣಿಸಿಲ್ಲ, ನಾನಂತೂ ಮುರಿದುಬಿದ್ದವನು, ಎಂಬ ಅರ್ಥದ ಮಾತನ್ನೂ ಬರೆಯುತ್ತಾನೆ. ಒಂದು ವಾರದ ಹಿಂದೆ ಸೈನ್ಯವನ್ನು ಮುಂದಕ್ಕೆ ನೂಕಿದ ಪತ್ರಿಕೆಯ ಒಡೆಯನೇ ಈಗ ಕತ್ತಲೆಯಲ್ಲಿ ಕುಳಿತು, ಸೋಲೊಪ್ಪಿಕೊಳ್ಳೋಣವೇ ಎಂದು ಕೇಳುತ್ತಿದ್ದ!

ಲಿಂಕನ್ನನಿಗೆ ಗ್ರೀಲಿಯಿಂದ ಆಗಿದ್ದ ಕಿರುಕುಳ ಅಷ್ಟಿಷ್ಟಲ್ಲ. ಮುಂದೆ ಆದದ್ದು ಅದಕ್ಕೂ ಹೆಚ್ಚು. ಆ ಒಂದು ಕಾಗದವನ್ನು ಎದುರು ಪತ್ರಿಕೆಗಳಿಗೆ ಕೊಟ್ಟಿದ್ದರೆ ಗ್ರೀಲಿ ಎದ್ದು ನಿಲ್ಲುವಂತಿರಲಿಲ್ಲ. ಲಿಂಕನ್ ಅದನ್ನು ಮೇಜಿನ ಗೂಡಿನಲ್ಲಿ ಇಟ್ಟು ಸುಮ್ಮನಾದ. 1862ರಲ್ಲಿ ಗ್ರೀಲಿ ಅವನನ್ನು ಊರ ಮುಂದೆ ಗದರಿಸಿದಾಗಲೂ ಅದು ಆ ಗೂಡಿನಲ್ಲಿಯೇ ಇತ್ತು. 1864ರಲ್ಲಿ ಅವನ ಕಾರ್ಯದರ್ಶಿಗಳು ಅದನ್ನು ಓದಿ ಬೆರಗಾದರು. ಎದುರಾಳಿ ಸಂಪಾದಕನೊಬ್ಬ ಇದಕ್ಕೆ ಸಾವಿರಾರು ಡಾಲರ್ ಕೊಟ್ಟಾನೆಂದು ಅವರಲ್ಲೊಬ್ಬ ನಗೆಯಾಡಿದ. ಅದು ಅಚ್ಚಾಗಿ ಜನರ ಕಣ್ಣಿಗೆ ಬಿದ್ದದ್ದು ಬರೆದವನೂ ಓದಿದವನೂ ಇಬ್ಬರೂ ಇಲ್ಲವಾಗಿ ಹಲವು ವರ್ಷಗಳು ಕಳೆದ ಮೇಲೆ. ಮನುಷ್ಯ ತಾನು ಪಡೆದ ಕಾಗದವನ್ನು ಹೇಗೆ ಇಟ್ಟುಕೊಳ್ಳುತ್ತಾನೆಂಬುದರಿಂದಲೂ ಅವನ ಗುಣವನ್ನು ಅಳೆಯಬಹುದಾದರೆ, ಲಿಂಕನ್ನನ ಎತ್ತರ ನನಗೆ ತಿಳಿದದ್ದು ಅವನ ಭಾಷಣಗಳಿಗಿಂತ ಹೆಚ್ಚಾಗಿ ಈ ಗೂಡಿನಿಂದ.

ಗ್ರೀಲಿಯ ಕಾಗದಗಳಲ್ಲಿ ನಾನು ಮತ್ತೆ ಮತ್ತೆ ಓದಿರುವುದು ರಾಜಕೀಯಕ್ಕೆ ಸೇರದ ಒಂದನ್ನು. ಅವನಿಗೂ ಹೆಂಡತಿ ಮೇರಿಗೂ ಏಳು ಮಕ್ಕಳಾದರು. ದೊಡ್ಡವರಾಗುವವರೆಗೆ ಬದುಕಿದವರು ಇಬ್ಬರು ಹೆಣ್ಣುಮಕ್ಕಳು ಮಾತ್ರ. 1844ರಲ್ಲಿ ಹುಟ್ಟಿದ ಆರ್ಥರ್ ಎಂಬ ಗಂಡುಮಗುವನ್ನು ಮನೆಯಲ್ಲಿ ಪಿಕ್ಕೀ ಎಂದು ಕರೆಯುತ್ತಿದ್ದರು. ಆ ಕಾಲದಲ್ಲಿ ಮಾರ್ಗರೆಟ್ ಫುಲ್ಲರ್ ಎಂಬ ವಿದುಷಿ ಟ್ರಿಬ್ಯೂನಿನಲ್ಲಿ ಪುಸ್ತಕ ವಿಮರ್ಶೆ ಬರೆಯುತ್ತ ಗ್ರೀಲಿಯ ಮನೆಯಲ್ಲಿಯೇ ವಾಸವಾಗಿದ್ದಳು. ಮಗುವಿಗೂ ಆಕೆಗೂ ಬಹಳ ಸಲುಗೆ. 1846ರಲ್ಲಿ ಆಕೆ ಪತ್ರಿಕೆಯ ಬಾತ್ಮೀದಾರಳಾಗಿ ಯೂರೋಪಿಗೆ ಹೋದಳು. ರೋಮಿನಲ್ಲಿ ಪ್ರಜಾರಾಜ್ಯವೊಂದು ತಲೆಯೆತ್ತಿ, ಫ್ರೆಂಚರ ಮುತ್ತಿಗೆಗೆ ಸಿಕ್ಕಿ, 1849ರ ಜುಲೈ ಮೊದಲಲ್ಲಿ ಕುಸಿದುಬಿತ್ತು. ಮುತ್ತಿಗೆಯ ದಿನಗಳಲ್ಲಿ ಆಕೆ ಆಸ್ಪತ್ರೆಯೊಂದರಲ್ಲಿ ನಿಂತು ಗಾಯಾಳುಗಳ ಶುಶ್ರೂಷೆ ನಡೆಸಿದ್ದಳು.

ಅದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಾಲರಾ ಹಬ್ಬಿತ್ತು. ಜುಲೈ ತಿಂಗಳಿನ ಒಂದು ರಾತ್ರಿ ಪಿಕ್ಕೀಗೆ ಕಾಯಿಲೆ ತಗುಲಿತು. ಮರುದಿನ ಬೈಗಿನ ವೇಳೆಗೆ ಮಗು ಇಲ್ಲವಾಯಿತು. ಐದು ವರ್ಷದ ಹುಡುಗ. ಗ್ರೀಲಿ ಸಮುದ್ರದಾಚೆಯ ಗೆಳತಿಗೆ ಕಾಗದ ಬರೆದ. ನೀನು ರೋಮ್ ಬಿದ್ದಿತೆಂದು ಅಳುತ್ತಿರುವೆ, ನಾನು ಪಿಕ್ಕೀ ಹೋದನೆಂದು ಅಳುತ್ತಿರುವೆನೆಂಬ ಭಾವದಿಂದ ಅದು ಮೊದಲಾಗುತ್ತದೆ. ಒಂದು ಮಗುವನ್ನು ಒಂದು ರಾಜ್ಯದ ಪಕ್ಕದಲ್ಲಿಟ್ಟು ತೂಗುವುದು ಬೇರೆಯವರ ಬರೆಹದಲ್ಲಿದ್ದರೆ ಅಲಂಕಾರವೆನಿಸುತ್ತಿತ್ತು. ಇಲ್ಲಿ ಹಾಗೆನಿಸುವುದಿಲ್ಲ. ಆ ಮನುಷ್ಯನಿಗೆ ರಾಜ್ಯಗಳ ಏಳುಬೀಳುಗಳೇ ದಿನನಿತ್ಯದ ಉದ್ಯೋಗ. ದುಃಖವನ್ನು ಅಳೆಯಲು ಅವನ ಕೈಯಲ್ಲಿದ್ದ ಕೊಳಗ ಅದೊಂದೇ.

ಆಕೆಯ ಉತ್ತರ ಆಗಸ್ಟ್ ಕೊನೆಯಲ್ಲಿ ರಿಯೇಟಿ ಎಂಬ ಬೆಟ್ಟದ ಊರಿನಿಂದ ಹೊರಟಿತು. ಸಾವನ್ನೂ ನಾಶವನ್ನೂ ತಾನು ಕಣ್ಣಾರೆ ಕಂಡು ಅಭ್ಯಾಸವಾಗಿರಬೇಕಾಗಿತ್ತು, ಆದರೂ ಕುಣಿದಾಡುತ್ತಿದ್ದ ಆ ಪುಟ್ಟ ದೇಹ ಅಲುಗದೆ ಮಲಗಿರುವುದನ್ನು ನೆನೆದಾಗ ಬಂದಷ್ಟು ಅಳು ಬೇರಾವುದಕ್ಕೂ ಬರಲಿಲ್ಲವೆಂದು ಆಕೆ ಬರೆದಳು. ಆಕೆಗೂ ಆಗ ಒಂದು ವರ್ಷ ತುಂಬಲಿದ್ದ ಗಂಡುಮಗುವಿತ್ತು. ಆ ಸಂಗತಿಯನ್ನು ಸ್ವದೇಶದ ಬಹುಮಂದಿಗೆ ಅದುವರೆಗೂ ತಿಳಿಸಿರಲಿಲ್ಲ. ಮುಂದಿನ ವರ್ಷ ಗಂಡನನ್ನೂ ಮಗುವನ್ನೂ ಕರೆದುಕೊಂಡು ಆಕೆ ತಾಯ್ನಾಡಿಗೆ ಹೊರಟಳು. 1850ರ ಜುಲೈ 19ರಂದು ಹಡಗು ನ್ಯೂಯಾರ್ಕಿಗೆ ಸಮೀಪದ ಫೈರ್ ಐಲೆಂಡ್ ಎಂಬಲ್ಲಿ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಮರಳದಿಬ್ಬಕ್ಕೆ ಬಡಿದು ಒಡೆಯಿತು. ಮೂವರೂ ಮುಳುಗಿದರು. ಆಕೆಯ ಕಾಗದಪತ್ರಗಳನ್ನು ಹುಡುಕಲು ದಡಕ್ಕೆ ಬಂದವನು, ಗ್ರೀಲಿ ಐವತ್ತು ಡಾಲರ್ ಕೊಡಿಸಿದ್ದ ಆ ಥೋರೋನೇ.

ಗ್ರೀಲಿಯ ಕೊನೆಯ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಯುದ್ಧ ಮುಗಿದ ಮೇಲೆ, ಸೋತವರ ಮುಖಂಡನಾದ ಜೆಫರ್‌ಸನ್ ಡೇವಿಸನನ್ನು ವಿಚಾರಣೆಯಿಲ್ಲದೆ ಎರಡು ವರ್ಷ ಸೆರೆಯಲ್ಲಿಟ್ಟಿದ್ದರು. 1867ರ ಮೇ 13ರಂದು ಅವನ ಬಿಡುಗಡೆಗೆ ಜಾಮೀನು ನಿಂತವರಲ್ಲಿ ಗ್ರೀಲಿಯೂ ಒಬ್ಬ. ಗುಲಾಮಗಿರಿಯ ವೈರಿಯೇ ಹೀಗೆ ಮಾಡಿದನೆಂದು ಉತ್ತರದ ಜನ ಕೆರಳಿದರು. ಸಾವಿರಾರು ಚಂದಾದಾರರು ಪತ್ರಿಕೆ ಬಿಟ್ಟರು. ವಿಚಾರಣೆಗೆ ಕರೆದ ಸಂಘದ ಸದಸ್ಯರಿಗೆ ಅವನು, ನಿಮ್ಮದು ದಡ್ಡತನವೆಂದು ಮುಚ್ಚುಮರೆಯಿಲ್ಲದೆ ಬರೆದು ಕಳುಹಿಸಿದ. 1872ರಲ್ಲಿ ಅವನು ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ. ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವನು ಪ್ರಚಾರ ನಿಲ್ಲಿಸಿ ಆಕೆಯ ಬಳಿ ಕುಳಿತ. ಅಕ್ಟೋಬರ್ 30ರಂದು ಆಕೆ ತೀರಿಕೊಂಡಳು. ಆರು ದಿನಗಳ ಮೇಲೆ ನಡೆದ ಚುನಾವಣೆಯಲ್ಲಿ ಅವನು ಹೀನಾಯವಾಗಿ ಸೋತ. ಆ ದಿನಗಳಲ್ಲಿ ಅವನು ಗೆಳತಿಯೊಬ್ಬಳಿಗೆ ಬರೆದ ಚಿಕ್ಕ ಕಾಗದಗಳಿವೆ. ಮನೆ ಬರಿದಾಯಿತು, ಮುಂದೆ ಕತ್ತಲೆಯೇ ಕಾಣುತ್ತಿದೆ ಎಂಬಂಥ ಮಾತುಗಳು. ನವೆಂಬರ್ 29ರಂದು ಅವನೂ ಹೊರಟುಹೋದ. ಅವನಿಗೆ ಬಂದಿದ್ದ ಮತಗಳನ್ನು ಪ್ರತಿನಿಧಿಗಳು ಸೇರಿ ಚಲಾಯಿಸುವ ದಿನ ಇನ್ನೂ ಬಂದಿರಲಿಲ್ಲ.

ಗ್ರೀಲಿಯ ಕಾಗದಗಳು ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿಯೂ ಇವೆ. ಓದಲು ಯಾರ ಅಡ್ಡಿಯೂ ಇಲ್ಲ, ಆ ಅಕ್ಷರದ ಅಡ್ಡಿಯೊಂದನ್ನುಳಿದು. ನಾನು ಓದಿರುವುದು ಅಚ್ಚಾದ ಪ್ರತಿಗಳನ್ನು. ಪಿಕ್ಕೀಯ ಕಾಗದಕ್ಕೆ ಬಂದಾಗಲೆಲ್ಲ, ಇದು ನನಗೆ ಬರೆದದ್ದಲ್ಲವೆಂಬ ತಂದೆಯವರ ಮಾತು ಕಿವಿಯಲ್ಲಿ ಕೇಳಿಸುತ್ತದೆ. ಪುಸ್ತಕವನ್ನು ಮುಚ್ಚುತ್ತೇನೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆರೆಯುತ್ತೇನೆ.